ಮೂತ್ರದಲ್ಲಿ ಆರ್ಸೆನಿಕ್ 212: ಮನೆಗೆ ಬಂದು ಮಾಡುವ ಹೆವಿ ಮೆಟಲ್ ಟೆಸ್ಟಿನ ಅನುಭವ

ಐದರಲ್ಲಿ ಎರಡು ಸ್ಟಾರ್. ಸ್ಯಾಂಪಲ್ ಒಯ್ಯಲು ಬಂದ ಹುಡುಗನ ಕೆಲಸಕ್ಕೆ ಒಂದು, ಹೇಳಿದ ದಿನವೇ ರಿಪೋರ್ಟ್ ಕಳಿಸಿದ್ದಕ್ಕೆ ಒಂದು. ಉಳಿದ ಮೂರನ್ನು ಯಾಕೆ ಕೊಡಲಿಲ್ಲ ಎನ್ನುವುದನ್ನು ಉದ್ದಕ್ಕೇ ಬರೆಯುತ್ತೇನೆ. ನಮ್ಮ ಓಣಿಯಲ್ಲೇ ಇನ್ನೂ ಮೂರು ಮನೆಯವರು ಈ ಪ್ಯಾಕೇಜ್ ಬುಕ್ ಮಾಡುವ ಮಾತಾಡುತ್ತಿದ್ದಾರೆ. ಲ್ಯಾಬಿನ ಹೆಸರು ಹಾಕುವುದಿಲ್ಲ, ನನಗೆ ಜಗಳ ಬೇಕಿಲ್ಲ. ನಾನು ಪಟ್ಟ ಭಯ ಇನ್ನೊಬ್ಬರು ಪಡುವುದು ಬೇಡ, ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರ. ಮದುವೆಯಾಗಿ ಲಿಂಗಸುಗೂರಿಗೆ ಬಂದು 17 ವರ್ಷವಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮನೆಯಲ್ಲಿ ಅತ್ತೆ, ನಮ್ಮವರು, ಒಂಬತ್ತನೇ ಕ್ಲಾಸಿನ ಮಗ ಮತ್ತು ನಾನು. ಅತ್ತೆಯೂ ನಮ್ಮವರೂ ಮೀನು ಮುಟ್ಟುವುದಿಲ್ಲ. ನನಗೂ ಮಗನಿಗೂ ಮೀನು ಅಂದರೆ ಜೀವ. ಅದಕ್ಕಾಗಿ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇದೆ. ಅತ್ತೆ ಒಂದು ದಿನವೂ ಅದಕ್ಕೆ ಮುಖ ಸಿಂಡರಿಸಿದವರಲ್ಲ.

ಟೆಸ್ಟ್ ಮಾಡಿಸಬೇಕು ಅನಿಸಿದ್ದು ನಮ್ಮ ಬೋರಿನ ನೀರಿನ ಕಾರಣಕ್ಕೆ. ಹಟ್ಟಿ ಚಿನ್ನದ ಗಣಿ ಇರುವುದು ನಮ್ಮ ತಾಲ್ಲೂಕಿನಲ್ಲೇ. ಅಲ್ಲಿ ಚಿನ್ನದ ಅದಿರಿನ ಜೊತೆ ಆರ್ಸೆನೋಪೈರೈಟ್ ಎನ್ನುವ ಖನಿಜವೂ ಸಿಗುತ್ತದೆ. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ ಖನಿಜ ಅದು. ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದದ್ದು ಈ ಆರ್ಸೆನಿಕ್ಕಿನ ಸಂಯುಕ್ತಗಳನ್ನೇ. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ಕಿನಿಂದ ಜನರ ಕೈಕಾಲಿನ ಚರ್ಮ ಗಂಟುಗಂಟಾದದ್ದು ಇಲ್ಲಿನವರಿಗೆ ಗೊತ್ತಿರುವ ಸಂಗತಿ. ಅತ್ತೆಯ ಅಂಗೈಯಲ್ಲೂ ದಪ್ಪ ಗಂಟುಗಳಿವೆ. ಅವರು ನಲವತ್ತು ವರ್ಷ ಹೊಲದಲ್ಲಿ ದುಡಿದವರು, ಅದು ಕುಡುಗೋಲಿನ ಗಂಟೇ ಇರಬೇಕು ಅಂದುಕೊಂಡಿದ್ದೆ. ಆದರೂ ಒಂದು ಸಲ ಸಂಶಯ ಹೊಕ್ಕಿತು ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ, ಅಲ್ವಾ?

ನಾಲ್ಕು ಜನಕ್ಕೆ ಸೇರಿ 5,600 ರೂಪಾಯಿಯ ಆಫರ್ ಇತ್ತು. ಮೂತ್ರದಲ್ಲಿ ಆರ್ಸೆನಿಕ್, ಸೀಸ, ಪಾದರಸ, ಕ್ಯಾಡ್ಮಿಯಂ ನೋಡುತ್ತಾರೆ. ಸೋಮವಾರ ಬೆಳಿಗ್ಗೆ 6:40ಕ್ಕೆ ಹುಡುಗ ಬಂದ. ಲೋಹ ಅಂಟದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಸೀಲು, ಹೆಸರು ಬರೆದ ಚೀಟಿ, ಐಸ್ ಪ್ಯಾಕ್ ಇಟ್ಟ ಚೀಲ. ಡಬ್ಬಿಯ ಒಳಗೆ ಬೆರಳು ತಾಗಿಸಬೇಡಿ ಎಂದು ಅತ್ತೆಗೆ ಎರಡೆರಡು ಸಲ ಹೇಳಿದ. ಇಷ್ಟು ನೀಟಾಗಿ ಕೆಲಸ ಮಾಡುವವರು ಕಡಿಮೆ. ಆ ಹುಡುಗನಿಗೆ ನನ್ನ ಧನ್ಯವಾದ.

ಅವನ ಕೈಯಲ್ಲಿದ್ದ ಫಾರ್ಮಿನಲ್ಲಿ ವಯಸ್ಸು, ಬಿಪಿ, ಶುಗರ್, ನುಂಗುತ್ತಿರುವ ಮಾತ್ರೆ ಎಲ್ಲದಕ್ಕೂ ಜಾಗ ಇತ್ತು. ಹಿಂದಿನ ದಿನ ಏನು ಉಂಡಿರಿ ಎಂಬ ಪ್ರಶ್ನೆ ಇರಲಿಲ್ಲ. ನನ್ನ ದೂರು ಶುರುವಾಗುವುದು ಅಲ್ಲಿಂದ.

ಶನಿವಾರ ನನ್ನ ತಮ್ಮ ಊರಿಂದ ಕಾರಿನಲ್ಲಿ ಬಂದಿದ್ದ. ಥರ್ಮೋಕೋಲ್ ಪೆಟ್ಟಿಗೆ ತುಂಬಾ ಐಸು, ಅದರೊಳಗೆ ಬಂಗುಡೆ, ಸಿಗಡಿ, ಒಂದು ಡಜನ್ ಏಡಿ. ಅಪರೂಪಕ್ಕೆ ಸಿಗುವ ಹಬ್ಬ ಅದು. ಭಾನುವಾರ ಮಧ್ಯಾಹ್ನ ಬಂಗುಡೆ ಗಸಿ, ರಾತ್ರಿ ಸಿಗಡಿ ಸುಕ್ಕ. ಏಡಿಯನ್ನು ಮಗ ಒಬ್ಬನೇ ಮುಕ್ಕಾಲು ಪಾಲು ಮುಗಿಸಿದ. ಸ್ವಲ್ಪ ಬಂಗುಡೆ ಹುರಿದು ಪಕ್ಕದ ಮನೆಗೂ ಕೊಟ್ಟೆ.

ಗುರುವಾರ ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ನನ್ನ ಮೂತ್ರದಲ್ಲಿ ಆರ್ಸೆನಿಕ್ ಲೀಟರಿಗೆ 212 ಮೈಕ್ರೋಗ್ರಾಂ. ಮಗನದು 168. ಪಕ್ಕದಲ್ಲಿ '50ಕ್ಕಿಂತ ಕಡಿಮೆ ಇರಬೇಕು' ಎಂದು ಬರೆದಿತ್ತು. ನಮ್ಮಿಬ್ಬರ ಸಂಖ್ಯೆ ಕೆಂಪು ಬಣ್ಣದಲ್ಲಿ, ಅದರ ಮುಂದೆ ಒಂದು ಎಚ್ಚರಿಕೆ ಚಿಹ್ನೆ. ನಮ್ಮವರದು 14, ಅತ್ತೆಯದು 11.

ಮಗನ ಸಂಖ್ಯೆ ನೋಡಿ ನನ್ನ ಕೈ ನಡುಗಿತು. ನಮ್ಮವರು ಮೊದಲು ಮಾಡಿದ ಕೆಲಸ ಬೋರಿನ ಮೋಟಾರ್ ಸ್ವಿಚ್ ಆಫ್ ಮಾಡಿದ್ದು. ಆ ರಾತ್ರಿಯೇ ಶುದ್ಧ ನೀರಿನ ಘಟಕಕ್ಕೆ ಹೋಗಿ ಕಾಯಿನ್ ಹಾಕಿ ನಾಲ್ಕು ಕ್ಯಾನ್ ನೀರು ತಂದರು. ಬೋರ್ ಮುಚ್ಚಿಸಲು ಎಷ್ಟಾಗುತ್ತದೆ ಎಂದು ಯಾರನ್ನೋ ಫೋನಿನಲ್ಲಿ ವಿಚಾರಿಸುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನಾನೂ ಅದೇ ನೀರ ಕುಡೀತೀನಲ್ಲವ್ವ. ನಿಮಗಿಂತ ಮೂವತ್ತ ವರ್ಷ ಜಾಸ್ತಿ ಈ ಊರ ನೀರ ಕುಡದೀನಿ. ನನಗ್ಯಾಕ ಇಲ್ಲ?"

ವಿಜ್ಞಾನದ ಟೀಚರ್ ನಾನು. ಆ ಪ್ರಶ್ನೆ ನನಗೆ ಮೊದಲು ಹೊಳೆಯಬೇಕಿತ್ತು. ಅದನ್ನು ಕೇಳಿದ್ದು ಶಾಲೆಯ ಮೆಟ್ಟಿಲು ಹತ್ತದ ನಮ್ಮತ್ತೆ. ಒಂದೇ ಬೋರು, ಒಂದೇ ಕೊಡ, ಒಂದೇ ಅಕ್ಕಿ. ಆದರೆ ಇಬ್ಬರಿಗೆ ನೂರೈವತ್ತರ ಮೇಲೆ, ಇಬ್ಬರಿಗೆ ಹದಿನೈದರ ಕೆಳಗೆ.

ಮರುದಿನ ಲ್ಯಾಬಿನ ಸಹಾಯವಾಣಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಕಾದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಮಾತು ಬಹಳ ಮೃದು. ಆದರೆ ಡಾಕ್ಟರಿಗೆ ತೋರಿಸಿ, ಮೂರು ತಿಂಗಳ ಮೇಲೆ ಮತ್ತೆ ಟೆಸ್ಟ್ ಮಾಡಿಸಿ ಎನ್ನುವುದಷ್ಟೇ ಅವಳ ಹತ್ತಿರ ಇತ್ತು. ಇದು ಯಾವ ಆರ್ಸೆನಿಕ್ ಎಂದು ಕೇಳಿದೆ. "ಮೇಡಂ, ಆರ್ಸೆನಿಕ್ ಅಂದರೆ ಆರ್ಸೆನಿಕ್ಕೇ" ಅಂದಳು. ತಪ್ಪು ಅವಳದಲ್ಲ, ಅವಳಿಗೆ ಅಷ್ಟೇ ಹೇಳಿಕೊಟ್ಟಿರುತ್ತಾರೆ. ಆದರೆ ಆ್ಯಪಿನಲ್ಲಿ ನನ್ನ ಕೆಂಪು ಸಂಖ್ಯೆಯ ಕೆಳಗೇ ಮೈಯಿಂದ ಲೋಹ ತೆಗೆಯುವ ಪುಡಿಯ ಜಾಹೀರಾತು ಬಂದಿತ್ತು. ಅದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಆ ಪುಡಿಯಲ್ಲಿ ಏನಿದೆ ಎಂದು ಓದಿದೆ. ಕೆಲ್ಪ್ ಎನ್ನುವ ಕಡಲ ಪಾಚಿ ಇತ್ತು. ಕಡಲ ಪಾಚಿಯಲ್ಲೇ ಆರ್ಸೆನಿಕ್ ಜಾಸ್ತಿ ಇರುತ್ತದೆ. ಹೆದರಿದವರು ಅದನ್ನು ತಿಂದು ಮತ್ತೆ ಟೆಸ್ಟ್ ಮಾಡಿಸಿದರೆ ಸಂಖ್ಯೆ ಏರುತ್ತದೆ, ಇಳಿಯುವುದಿಲ್ಲ.

ಶನಿವಾರ ರಾಯಚೂರಿಗೆ ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ರಿಪೋರ್ಟ್ ಓದುವ ಮೊದಲೇ ಅವರು ಕೇಳಿದ್ದು: "ಟೆಸ್ಟಿನ ಹಿಂದಿನ ಎರಡು ಮೂರು ದಿನ ಕಡಲ ಮೀನು ತಿಂದಿದ್ರೇನ್ರಿ?" ನಾನು ಥರ್ಮೋಕೋಲ್ ಪೆಟ್ಟಿಗೆಯ ಕಥೆ ಪೂರ್ತಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಹಂಗಾರ ಹೆದರಬ್ಯಾಡ್ರಿ, ಮೊದಲ ನೀರ ಕುಡೀರಿ" ಎಂದು ಗ್ಲಾಸ್ ಮುಂದೆ ಇಟ್ಟರು. ಅತ್ತೆಯ ಅಂಗೈಯನ್ನೂ ನೋಡಿದರು. ಅದು ದುಡಿಮೆಯ ಗಂಟೇ. ಪಾಷಾಣದ ಗಂಟು ಸಣ್ಣ ಕಾಳಿನ ಥರ ಅಂಗೈ, ಅಂಗಾಲು ಎರಡರಲ್ಲೂ ಏಳುತ್ತದೆ, ಮೈಮೇಲೆ ಕಪ್ಪು ಬಿಳಿ ಚುಕ್ಕೆಗಳೂ ಕಾಣುತ್ತವೆ ಎಂದರು.

ಅಲ್ಲಿ ಕೇಳಿದ್ದು, ಮನೆಗೆ ಬಂದು ನನ್ನ ಹಳೆಯ ಕೆಮಿಸ್ಟ್ರಿ ಪುಸ್ತಕಗಳ ಜೊತೆ ಕೂತು ಓದಿಕೊಂಡದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಆರ್ಸೆನಿಕ್ ಒಂದು ಮೂಲವಸ್ತು. ಅದು ಯಾರ ಜೊತೆ ಸೇರಿದೆ ಎನ್ನುವುದರ ಮೇಲೆ ಅದರ ಗುಣ ನಿಂತಿದೆ. ಕಲ್ಲಿನಿಂದ ಬೋರಿನ ನೀರಿಗೆ ಇಳಿಯುವುದು ಅಜೈವಿಕ ಆರ್ಸೆನಿಕ್: ಆರ್ಸೆನೈಟ್, ಆರ್ಸೆನೇಟ್. ಆರ್ಸೆನೈಟ್ ನಮ್ಮ ಮೈಯ ಪ್ರೋಟೀನುಗಳಲ್ಲಿರುವ ಗಂಧಕವನ್ನು ಗಟ್ಟಿಯಾಗಿ ಹಿಡಿದು ಅವುಗಳ ಕೆಲಸ ಕೆಡಿಸುತ್ತದೆ. ಆರ್ಸೆನೇಟ್ ಫಾಸ್ಫೇಟಿನ ವೇಷದಲ್ಲಿ ಒಳಗೆ ನುಗ್ಗುತ್ತದೆ. ವರ್ಷಗಟ್ಟಲೆ ಕುಡಿದರೆ ಚರ್ಮ ಕೆಡುತ್ತದೆ, ಕ್ಯಾನ್ಸರೂ ಬರಬಹುದು. ಕುಡಿಯುವ ನೀರಿಗೆ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿ ಇಟ್ಟಿರುವುದು ಇದಕ್ಕೇ.

ಮೀನಿನಲ್ಲಿರುವುದರ ಹೆಸರು ಆರ್ಸೆನೋಬೀಟೈನ್. ಇಲ್ಲಿ ಆರ್ಸೆನಿಕ್ ಪರಮಾಣುವಿನ ನಾಲ್ಕೂ ಕೈಗಳನ್ನು ಇಂಗಾಲ ಹಿಡಿದಿದೆ. ಪ್ರೋಟೀನನ್ನು ಹಿಡಿಯಲು ಅದಕ್ಕೆ ಕೈಯೇ ಬಿಡುವಿಲ್ಲ. ನಮ್ಮ ದೇಹ ಅದನ್ನು ಒಡೆಯುವುದೂ ಇಲ್ಲ. ಬಾಯಿಂದ ಹೋದದ್ದು ರಕ್ತಕ್ಕೆ ಬಂದು, ಕಿಡ್ನಿ ದಾಟಿ, ಹೇಗಿತ್ತೋ ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಎರಡು ಮೂರು ದಿನದಲ್ಲಿ ಹೆಚ್ಚಿನ ಪಾಲು ಖಾಲಿ. ಇಲಿಗಳಿಗೆ ಮೈತೂಕದ ಕೆಜಿಗೆ 10 ಗ್ರಾಂ ಕೊಟ್ಟು ನೋಡಿದಾಗಲೂ ಅವು ಸಾಯಲಿಲ್ಲ. ಬಿಳಿ ಪಾಷಾಣವಾದರೆ (ಆರ್ಸೆನಿಕ್ ಟ್ರೈಆಕ್ಸೈಡ್) ಕೆಜಿಗೆ ಮೂವತ್ತು ನಲವತ್ತು ಮಿಲಿಗ್ರಾಂ ಸಾಕು.

ಇದನ್ನು ಮೊದಲು ಗುರುತಿಸಿದ್ದು 1977ರಲ್ಲಿ, ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಪಶ್ಚಿಮ ಕರಾವಳಿಯ ಲಾಬ್‌ಸ್ಟರ್ ಮಾಂಸದಿಂದ ಬೇರ್ಪಡಿಸಿದರು. ಜಾನ್ ಎಡ್ಮಂಡ್ಸ್, ಕೆವಿನ್ ಫ್ರಾನ್ಸೆಸ್ಕೋನಿ ಎಂಬ ಇಬ್ಬರು ಆ ಕೆಲಸದಲ್ಲಿದ್ದರು. ನಾಲ್ಕು ವರ್ಷದ ಮೇಲೆ, 1981ರಲ್ಲಿ, ಕಡಲ ಪಾಚಿಯೊಳಗೆ ಸಕ್ಕರೆಗೆ ಅಂಟಿಕೊಂಡ ಆರ್ಸೆನಿಕ್ ಇದೆ ಎಂದೂ ಇವರೇ ತೋರಿಸಿದರು. ನಾನು ಹುಟ್ಟುವ ಮೊದಲೇ ಗೊತ್ತಾದ ಸಂಗತಿ ಇದು. ಇವತ್ತಿನ ಲ್ಯಾಬಿನ ಫಾರ್ಮಿಗೆ ಅದು ಇನ್ನೂ ಬಂದಿಲ್ಲ ಎನ್ನುವುದೇ ನನ್ನ ಬೇಜಾರು.

ಕಡಲಿಗೆ ಇದು ಎಲ್ಲಿಂದ ಬಂತು? ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೂ ಇದೇ ಪ್ರಶ್ನೆ. ಕಾರ್ಖಾನೆಯ ಕೊಳಕು ಇರಬೇಕು ಅಂದುಕೊಂಡಿದ್ದಳು. ಹಾಗಲ್ಲ. ಯಾವ ಕೊಳಕೂ ಇಲ್ಲದ ಕಡಲ ನೀರಿನಲ್ಲೂ ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಆರ್ಸೆನಿಕ್ ಇದ್ದೇ ಇರುತ್ತದೆ, ಹೆಚ್ಚಿನದು ಆರ್ಸೆನೇಟ್ ಆಗಿ. ಪಾಚಿ ಬೆಳೆಯಲು ಫಾಸ್ಫೇಟ್ ಬೇಕು. ಕಡಲಲ್ಲಿ ಫಾಸ್ಫೇಟ್ ಕಡಿಮೆ. ಹಸಿದ ಪಾಚಿ ಫಾಸ್ಫೇಟ್ ಎಳೆದುಕೊಳ್ಳುವಾಗ ಅದರ ಹಾಗೇ ಇರುವ ಆರ್ಸೆನೇಟನ್ನೂ ಎಳೆದುಕೊಂಡುಬಿಡುತ್ತದೆ. ಒಳಗೆ ಬಂದ ವಿಷವನ್ನು ಹಾಗೇ ಬಿಡುವಂತಿಲ್ಲ. ಇಂಗಾಲದ ಗುಂಪುಗಳನ್ನು ಅಂಟಿಸಿ, ಸಕ್ಕರೆಗೆ ಕಟ್ಟಿ, ಅದನ್ನು ತಣ್ಣಗೆ ಮಾಡುತ್ತದೆ. ಪಾಚಿಯನ್ನು ತಿನ್ನುವ ಜೀವಿ, ಅದನ್ನು ತಿನ್ನುವ ಸಿಗಡಿ, ಸಿಗಡಿಯನ್ನು ತಿನ್ನುವ ಮೀನು. ಮೇಲೆ ಹೋದ ಹಾಗೆ ಮಾಂಸದಲ್ಲಿ ಕಾಣುವುದು ಹೆಚ್ಚಾಗಿ ಆರ್ಸೆನೋಬೀಟೈನೇ.

ಅದನ್ನು ಮೀನು ಯಾಕೆ ಹೊರಗೆ ಹಾಕದೆ ಇಟ್ಟುಕೊಳ್ಳುತ್ತದೆ ಎನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಉಪ್ಪಿನಕಾಯಿ ಭರಣಿಯಲ್ಲಿ ಮಾವಿನ ಹೋಳು ಮುದುಡುವುದನ್ನು ನೋಡಿದ್ದೀರಲ್ಲ, ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಕಡಲ ಪ್ರಾಣಿಯ ಜೀವಕೋಶಕ್ಕೂ ಅದೇ ಕಷ್ಟ. ನೀರು ಹೊರಗೆ ಹೋಗದಂತೆ ತಡೆಯಲು ಅವು ಗ್ಲೈಸೀನ್ ಬೀಟೈನ್‌ನಂಥ ವಸ್ತುಗಳನ್ನು ಒಳಗೆ ತುಂಬಿಕೊಳ್ಳುತ್ತವೆ. ಬೀಟೈನ್ ಎಂಬ ಹೆಸರು ಬಂದದ್ದು ಬೀಟ್‌ನಿಂದ, ಮೊದಲು ಸಿಕ್ಕಿದ್ದು ಸಕ್ಕರೆ ಬೀಟ್ ಗೆಡ್ಡೆಯಲ್ಲಿ. ಅದರಲ್ಲಿ ಸಾರಜನಕ ಇರುವ ಜಾಗದಲ್ಲಿ ಆರ್ಸೆನಿಕ್ ಕೂತರೆ ಅದೇ ಆರ್ಸೆನೋಬೀಟೈನ್. ಎರಡೂ ಅಣ್ಣತಮ್ಮಂದಿರಷ್ಟು ಹೋಲುವುದರಿಂದ ಮೀನು ಇದನ್ನೂ ಒಳಗೆ ಇಟ್ಟುಕೊಳ್ಳುತ್ತದೆ ಎಂಬುದು ವಿಜ್ಞಾನಿಗಳ ಊಹೆ. ನಮ್ಮ ನಾರಾಯಣಪುರ ಡ್ಯಾಮಿನ ರೋಹು, ಕಾಟ್ಲಾದಂಥ ಸಿಹಿನೀರಿನ ಮೀನಿಗೆ ಉಪ್ಪಿನ ಕಾಟ ಇಲ್ಲ. ಸಿಹಿನೀರಿನ ಮೀನಿನಲ್ಲಿ ಸಾಮಾನ್ಯವಾಗಿ ಆರ್ಸೆನಿಕ್ ಬಹಳ ಕಡಿಮೆ. ನಾನು ಆ ಭಾನುವಾರ ಡ್ಯಾಮಿನ ಮೀನು ತಿಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೋರ್ಡಿನ ಮೇಲೆ ಬರೆಯುವ ಹಾಗೆ ಒಂದು ಲೆಕ್ಕ ಹಾಕಿದೆ. ಸಿಗಡಿಯಲ್ಲಿ ಕೆಜಿಗೆ 5 ಮಿಲಿಗ್ರಾಂ ಆರ್ಸೆನಿಕ್ ಎಂದು ಹಿಡಿಯಿರಿ. ಕಡಲ ಸಿಗಡಿಗೆ ಇದು ಅತಿ ಅಲ್ಲ. 200 ಗ್ರಾಂ ತಿಂದರೆ ಒಳಗೆ ಹೋದದ್ದು 1,000 ಮೈಕ್ರೋಗ್ರಾಂ. ಮಿತಿಯ ಅಂಚಿನಲ್ಲಿರುವ, ಲೀಟರಿಗೆ 10 ಮೈಕ್ರೋಗ್ರಾಂನ ನೀರಿನಿಂದ ಅಷ್ಟು ಬರಬೇಕಾದರೆ 100 ಲೀಟರ್ ಕುಡಿಯಬೇಕು. ಒಂದು ಊಟ ಇಡೀ ಟೆಸ್ಟನ್ನು ಮುಳುಗಿಸಿಬಿಡುತ್ತದೆ. ನಮ್ಮ ಬೋರಿನಲ್ಲಿ ನಿಜವಾಗಲೂ ಪಾಷಾಣ ಇದ್ದಿದ್ದರೂ ಆ 212ರಲ್ಲಿ ಅದು ಕಾಣುತ್ತಿರಲಿಲ್ಲ.

ಲ್ಯಾಬಿನ ಯಂತ್ರದ ತಪ್ಪು ಇದರಲ್ಲಿ ಇಲ್ಲ. ಆ ಯಂತ್ರ ಸ್ಯಾಂಪಲನ್ನು ಸಾವಿರಾರು ಡಿಗ್ರಿ ಬಿಸಿಯಾದ ಆರ್ಗಾನ್ ಜ್ವಾಲೆಗೆ ಹಾಕುತ್ತದೆ. ಆ ಕಾವಿಗೆ ಎಲ್ಲ ಅಣುಗಳೂ ಚೂರಾಗಿ ಬರೀ ಪರಮಾಣು ಉಳಿಯುತ್ತವೆ. ಬಂದದ್ದು ಬಂಗುಡೆಯಿಂದಲೋ ಬೋರಿನಿಂದಲೋ ಅದಕ್ಕೆ ಗೊತ್ತಾಗುವುದಿಲ್ಲ. ರೂಪ ತಿಳಿಯಬೇಕಾದರೆ ಜ್ವಾಲೆಗೆ ಹಾಕುವ ಮೊದಲು ಸ್ಯಾಂಪಲನ್ನು ಒಂದು ಸಣ್ಣ ಕೊಳವೆಯ ಮೂಲಕ ಹರಿಸಿ, ಒಂದೊಂದು ರೂಪವೂ ಒಂದೊಂದು ಹೊತ್ತಿಗೆ ಹೊರಬರುವ ಹಾಗೆ ಬೇರ್ಪಡಿಸಬೇಕು. ಅದಕ್ಕೆ ಸ್ಪೀಸಿಯೇಷನ್ ಟೆಸ್ಟ್ ಅನ್ನುತ್ತಾರೆ. ಈ ಪ್ಯಾಕೇಜಿನಲ್ಲಿ ಅದು ಇಲ್ಲ. ಇಲ್ಲದಿರುವುದು ತಪ್ಪಲ್ಲ, ಅದಕ್ಕೆ ದುಡ್ಡು ಜಾಸ್ತಿ. ಆದರೆ ಇದು ಎಲ್ಲ ರೂಪಗಳ ಒಟ್ಟು ಮೊತ್ತ, ಮೀನು ತಿಂದಿದ್ದರೆ ಐದು ದಿನ ಬಿಟ್ಟು ಮತ್ತೆ ಕೊಡಿ ಎಂಬ ಒಂದು ಸಾಲು ರಿಪೋರ್ಟಿನಲ್ಲಿ ಹಾಕಲು ಎಷ್ಟು ಖರ್ಚು? ಬೆಳಗಿನ ಮೂತ್ರ ಗಟ್ಟಿಯಾಗಿರುತ್ತದೆ ಎಂದು ಕ್ರಿಯಾಟಿನಿನ್ (ದಿನವೂ ಹೆಚ್ಚುಕಡಿಮೆ ಒಂದೇ ಸಮ ಮೂತ್ರಕ್ಕೆ ಹೋಗುವ ಮೈಯ ತ್ಯಾಜ್ಯ) ನೋಡಿ ಲೆಕ್ಕ ಸರಿಪಡಿಸುವ ಕ್ರಮವೂ ಇದೆ. ಅದೂ ಇರಲಿಲ್ಲ.

ಇನ್ನು ಪಾದರಸ. ಆರ್ಸೆನಿಕ್ಕಿಗಿಂತ ನನಗೆ ಜಾಸ್ತಿ ಕಾಡಿದ್ದು ಇದು. ನಮ್ಮ ನಾಲ್ಕೂ ರಿಪೋರ್ಟಿನಲ್ಲಿ ಪಾದರಸದ ಮುಂದೆ ಹಸಿರು ಬಣ್ಣ. ಮೀನು ತಿನ್ನುವವಳು ನಾನು, ಹಸಿರು ನೋಡಿ ಸಮಾಧಾನಪಟ್ಟಿದ್ದೆ. ಡಾಕ್ಟರ್ ಆ ಸಮಾಧಾನವನ್ನೂ ತೆಗೆದರು. ಪಾದರಸದಲ್ಲಿ ಲೆಕ್ಕ ಪೂರ್ತಿ ತಿರುವುಮುರುವು. ಆರ್ಸೆನಿಕ್ಕಿಗೆ ಮೀನಿನೊಳಗೆ ಇಂಗಾಲ ಅಂಟಿದರೆ ವಿಷ ಹೋಗುತ್ತದೆ. ಪಾದರಸಕ್ಕೆ ಇಂಗಾಲ ಅಂಟಿದರೆ ಮಿಥೈಲ್ ಪಾದರಸವಾಗಿ ಮಿದುಳಿನ ತನಕ ಹೋಗುವ ಶಕ್ತಿ ಬರುತ್ತದೆ. ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಆದದ್ದು ಇದೇ. ಕಾರ್ಖಾನೆ ಕಡಲಿಗೆ ಬಿಟ್ಟ ಮಿಥೈಲ್ ಪಾದರಸ ಮೀನಿಗೆ ಸೇರಿತು, ಮೀನಿನಿಂದ ಜನರಿಗೆ ಸೇರಿತು. 1956ರಲ್ಲಿ ಆ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳೂ ಅಂಗವಿಕಲರಾಗಿ ಹುಟ್ಟಿದರು.

ಈ ಮಿಥೈಲ್ ಪಾದರಸ ಮೂತ್ರದಲ್ಲಿ ಹೆಚ್ಚು ಬರುವುದೇ ಇಲ್ಲ. ಅದು ಹೊರಗೆ ಹೋಗುವುದು ಮುಖ್ಯವಾಗಿ ಮಲದಲ್ಲಿ, ಅದೂ ನಿಧಾನಕ್ಕೆ. ರಕ್ತದಲ್ಲಿ ಅರ್ಧ ಇಳಿಯಲು ಸುಮಾರು 50 ದಿನ ಬೇಕು. ಅದನ್ನು ನೋಡಬೇಕಾದದ್ದು ರಕ್ತದಲ್ಲಿ ಇಲ್ಲವೇ ತಲೆಕೂದಲಲ್ಲಿ. ಅಂದರೆ ಒಂದೇ ಪ್ಯಾಕೇಜು ನನ್ನನ್ನು ಹೆದರಬೇಕಿಲ್ಲದ ಮೀನಿನ ಆರ್ಸೆನಿಕ್ಕಿಗೆ ಹೆದರಿಸಿತು, ನೋಡಲೇಬೇಕಾದ ಮೀನಿನ ಪಾದರಸವನ್ನು ನೋಡದೆಯೇ ಹಸಿರು ತೋರಿಸಿತು. ಇದು ಸಣ್ಣ ದೋಷ ಅಲ್ಲ. ಕರಾವಳಿಯಲ್ಲಿ ಬಾಣಂತಿಯರಿಗೆ ಸಣ್ಣ ಶಾರ್ಕ್ ಕೊಡುವ ರೂಢಿ ಇದೆ. ಶಾರ್ಕ್, ದೊಡ್ಡ ಟ್ಯೂನಾದಂಥ ಬೇಟೆ ಮೀನುಗಳಲ್ಲೇ ಈ ಪಾದರಸ ಜಾಸ್ತಿ. ಅಂಥವಳೊಬ್ಬಳು ಈ ಹಸಿರು ನೋಡಿ ಮಗುವಿಗೆ ಏನೂ ಆಗುವುದಿಲ್ಲ ಅಂದುಕೊಂಡರೆ? ಬಂಗುಡೆ, ಬೂತಾಯಿಯಂಥ ಸಣ್ಣ ಮೀನಿನಲ್ಲಿ ಇದು ಕಡಿಮೆ. ನಾನು ರಕ್ತ ಕೊಟ್ಟು ನೋಡಿಸಿದೆ, ಚಿಂತೆ ಮಾಡುವಂಥದ್ದು ಇಲ್ಲ ಎಂದರು.

ಸೀಸಕ್ಕೂ ರಕ್ತದ ಟೆಸ್ಟೇ ಸರಿಯಾದದ್ದು. ಕ್ಯಾಡ್ಮಿಯಂ ಒಂದನ್ನು ಮೂತ್ರದಲ್ಲಿ ನೋಡಿದ್ದು ಸರಿ, ಅದನ್ನು ಒಪ್ಪುತ್ತೇನೆ. ಕ್ಯಾಡ್ಮಿಯಂ ಕಿಡ್ನಿಯಲ್ಲಿ ಹತ್ತಾರು ವರ್ಷ ಕೂರುತ್ತದೆ. ಮೂತ್ರದಲ್ಲಿ ಕಾಣುವುದು ಒಂದು ಊಟದ ಸುದ್ದಿ ಅಲ್ಲ, ಬಹಳ ವರ್ಷಗಳ ಲೆಕ್ಕ. ನಮ್ಮದು ಚೆನ್ನಾಗಿತ್ತು. ಆದರೆ ಏಡಿಯ ಚಿಪ್ಪಿನೊಳಗಿನ ಕಂದು ಭಾಗದಲ್ಲಿ ಕ್ಯಾಡ್ಮಿಯಂ ಜಾಸ್ತಿ ಸೇರುತ್ತದೆ, ಬಿಳಿ ಮಾಂಸದಲ್ಲಿ ಕಡಿಮೆ. ಮಗ ಬೆರಳು ಚೀಪಿ ತಿನ್ನುವುದು ಆ ಕಂದು ಭಾಗವನ್ನೇ. ಇನ್ನು ಮೇಲೆ ಅದು ಬೇಡ ಎಂದಿದ್ದೇನೆ. ಅವನಿಗೆ ಬೇಜಾರಾಗಿದೆ.

ಐದು ದಿನ ಕಡಲ ಮೀನು, ಸಿಗಡಿ, ಏಡಿ, ಒಣಮೀನು ಯಾವುದನ್ನೂ ಮುಟ್ಟದೆ, ಡಾಕ್ಟರ್ ಹೇಳಿದ ಬೇರೆ ಲ್ಯಾಬಿಗೆ ನನ್ನದು ಮತ್ತು ಮಗನದು ಕೊಟ್ಟೆವು. ಒಬ್ಬರಿಗೆ 4,500 ರೂಪಾಯಿ. ನಮ್ಮಂಥವರಿಗೆ ದೊಡ್ಡ ಮೊತ್ತವೇ. ಆದರೆ ಈ ಲ್ಯಾಬಿಗೆ ನಾನು ಮನಸಾರೆ ಐದು ಸ್ಟಾರ್ ಕೊಡುತ್ತೇನೆ. ಮೀನು ಕೊನೆಗೆ ಯಾವತ್ತು ತಿಂದಿರಿ, ಕಡಲ ಪಾಚಿಯ ಮಾತ್ರೆ ತಗೊಳ್ಳುತ್ತೀರಾ, ಕುಡಿಯುವ ನೀರು ಯಾವುದು, ಮನೆಯಲ್ಲಿ ಗಣಿ ಕೆಲಸದವರು ಇದ್ದಾರಾ: ಎಲ್ಲವನ್ನೂ ಫೋನ್ ಮಾಡಿ ಕೇಳಿ ಬರೆದುಕೊಂಡರು. ರೂಪ ಬೇರ್ಪಡಿಸುವ ಟೆಸ್ಟಿಗೂ ಮೀನು ಬಿಡುವುದು ಯಾಕೆ ಎಂದು ಕೇಳಿದೆ. ಆ ಕಡೆಯಿದ್ದವರು ಬೇಸರ ಮಾಡದೆ ವಿವರಿಸಿದರು. ಬೋರಿನ ಪಾಷಾಣ ಒಳಗೆ ಹೋದರೆ ದೇಹ ಅದಕ್ಕೆ ಮಿಥೈಲ್ ಎಂಬ ಇಂಗಾಲದ ಗುಂಪನ್ನು ಒಂದೋ ಎರಡೋ ಅಂಟಿಸಿ ಹೊರಗೆ ಕಳಿಸುತ್ತದೆ. ಎರಡು ಅಂಟಿದ ರೂಪಕ್ಕೆ ಡಿಎಂಎ ಅನ್ನುತ್ತಾರೆ. ಪಾಚಿಯಲ್ಲಿರುವ ಆರ್ಸೆನಿಕ್ ಸಕ್ಕರೆ ನಮ್ಮ ಹೊಟ್ಟೆಯಲ್ಲಿ ಒಡೆದರೂ ಅದೇ ಡಿಎಂಎ ಬರುತ್ತದೆ. ಹಾಗಾಗಿ ಮೀನು, ಚಿಪ್ಪಿನ ಪ್ರಾಣಿ, ಪಾಚಿ ತಿಂದವರಲ್ಲಿ ಡಿಎಂಎ ನೋಡಿ ನೀರನ್ನು ದೂರುವುದು ಕಷ್ಟ. ಇಷ್ಟನ್ನು ಹೇಳಲು ಅವರು ತೆಗೆದುಕೊಂಡದ್ದು ಆರು ನಿಮಿಷ.

ರಿಪೋರ್ಟ್ ಬಂತು. ನನ್ನ ಒಟ್ಟು ಆರ್ಸೆನಿಕ್ 19, ಮಗನದು 15. ಅಜೈವಿಕ ಮತ್ತು ಅದರಿಂದ ಆಗುವ ಎರಡು ಮಿಥೈಲ್ ರೂಪ ಸೇರಿಸಿದರೆ ನನಗೆ 11, ಮಗನಿಗೆ 9. ಉಳಿದದ್ದರಲ್ಲಿ ಹೆಚ್ಚಿನದು ಬಂಗುಡೆಯ ಆರ್ಸೆನೋಬೀಟೈನ್, ಇನ್ನೂ ಹೋಗುತ್ತಾ ಇದ್ದದ್ದು. ಆರ್ಸೆನಿಕ್ ಜೊತೆ ಕೆಲಸ ಮಾಡುವ ಕಾರ್ಮಿಕರಿಗೆ ಅಮೆರಿಕದ ತಜ್ಞರು ಇಟ್ಟಿರುವ ಮಟ್ಟವೂ ಈ ಮೂರರ ಮೊತ್ತಕ್ಕೇ, ಒಟ್ಟು ಆರ್ಸೆನಿಕ್ಕಿಗೆ ಅಲ್ಲ. ರಿಪೋರ್ಟನ್ನು ಅತ್ತೆಗೆ ಓದಿ ಹೇಳಿದೆ. "ನಾ ಹೇಳಲಿಲ್ಲೇನು, ನೀರಿಂದಲ್ಲಂತ" ಎಂದು ನನ್ನ ತಲೆ ಸವರಿದರು. ಕುಂದಾಪುರದಿಂದ ಅಮ್ಮನ ಫೋನ್: "ಹಂಗಾರೆ ಮೀನ್ ತಿಂಬುಕ್ ಅಡ್ಡಿಲ್ಯಾ ಹೆಣೆ?" ಅಡ್ಡಿಲ್ಲ ಅಮ್ಮ ಅಂದೆ. ಅವಳ ಉಸಿರು ಈ ಕಡೆಗೂ ಕೇಳಿಸಿತು.

ಆದರೂ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಬಿಡಲಿಲ್ಲ. ಜಿಲ್ಲೆಯ ನೀರು ಪರೀಕ್ಷೆ ಲ್ಯಾಬಿಗೆ ಎರಡು ಬಾಟಲಿ ಕೊಟ್ಟೆವು. ಆರ್ಸೆನಿಕ್ ಲೀಟರಿಗೆ 4 ಮೈಕ್ರೋಗ್ರಾಂ, ಮಿತಿಯ ಒಳಗೆ. ಫ್ಲೋರೈಡ್ ಮಾತ್ರ 1.8 ಮಿಲಿಗ್ರಾಂ ಬಂತು. 1.5 ದಾಟಬಾರದು. ಹಾಗಾಗಿ ಬೋರಿನ ನೀರು ಈಗ ಬಟ್ಟೆ, ಪಾತ್ರೆಗೆ ಮಾತ್ರ. ಕುಡಿಯಲು ಘಟಕದ ಕ್ಯಾನೇ. ನಮ್ಮ ಕಡೆಯವರಿಗೆ ನಾನು ಹೇಳುವುದು ಇಷ್ಟು: ಬೋರಿನ ಬಗ್ಗೆ ಸಂಶಯ ಇದ್ದರೆ ಮೊದಲು ನೀರನ್ನೇ ಟೆಸ್ಟ್ ಮಾಡಿಸಿ, ಮೂತ್ರ ಆಮೇಲೆ. ನೀರಿನಲ್ಲಿರುವುದು ಸಾಮಾನ್ಯವಾಗಿ ಅಜೈವಿಕ ರೂಪವೇ, ಅಲ್ಲಿ ಒಟ್ಟು ಸಂಖ್ಯೆ ನೋಡಿದರೂ ಸಾಕು. ನಾನು ಅದನ್ನೇ ಮೊದಲು ಮಾಡಿದ್ದರೆ ಅಷ್ಟೂ ದುಡ್ಡು, ಅಷ್ಟೂ ನಿದ್ದೆ ಉಳಿಯುತ್ತಿತ್ತು.

ಮೊದಲಿನ ಲ್ಯಾಬಿಗೆ ಇಷ್ಟನ್ನೂ ಪತ್ರ ಬರೆದು ಕಳಿಸಿದ್ದೇನೆ. ಫಾರ್ಮಿನಲ್ಲಿ ಮೀನಿನ ಪ್ರಶ್ನೆ ಹಾಕಿ, ರಿಪೋರ್ಟಿನಲ್ಲಿ 'ಒಟ್ಟು ಆರ್ಸೆನಿಕ್' ಎಂದು ಬರೆಯಿರಿ, ಪುಡಿಯ ಜಾಹೀರಾತು ತೆಗೆಯಿರಿ, ಮೀನು ತಿನ್ನುವವರ ಪಾದರಸಕ್ಕೆ ರಕ್ತ ತೆಗೆದುಕೊಳ್ಳಿ ಎಂದು ಕೇಳಿದ್ದೇನೆ. ನಿಮ್ಮ ಅಭಿಪ್ರಾಯ ನಮಗೆ ಮುಖ್ಯ ಎಂಬ ಉತ್ತರ ಬಂದಿದೆ. ಬದಲಾದರೆ ಬಂದು ಸ್ಟಾರ್ ಹೆಚ್ಚಿಸುತ್ತೇನೆ.

ಮೊನ್ನೆ ಬುಧವಾರ ಬೆಳಿಗ್ಗೆ ಅದೇ ಹುಡುಗ ಅದೇ ಐಸ್ ಚೀಲ ಹಿಡಿದು ಪಕ್ಕದ ಮನೆಯ ಗೇಟು ತೆರೆಯುತ್ತಿದ್ದ. ನನ್ನ ತಮ್ಮ ಹಿಂದಿನ ದಿನವಷ್ಟೇ ಇನ್ನೊಂದು ಪೆಟ್ಟಿಗೆ ಕಳಿಸಿದ್ದ. ನಾನು ಕಾಂಪೌಂಡಿನ ಈ ಕಡೆಯಿಂದಲೇ ಕೂಗಿ ಕೇಳಿದೆ, ನಿನ್ನೆ ಮೀನು ತಿಂದ್ರೇನು ಅಂತ.

"ಹೌದ್ರಿ ಅಕ್ಕಾರ, ನೀವೇ ಕೊಟ್ಟಿದ್ರಲ್ರೀ" ಅಂದರು ಪಕ್ಕದ ಮನೆಯಾಕೆ.

ಹುಡುಗನಿಗೆ ಚಹಾ ಕೊಟ್ಟು, ಸೋಮವಾರ ಬಾರಪ್ಪ ಎಂದು ಕಳಿಸಿದೆವು.